ಕಂಬದ ಬುಡದ ಚಪ್ಪಲಿ ಸಾಲು

ಈ ಶ್ರಾವಣದಲ್ಲಿ ಭೀಮಪ್ಪನ ಬಸುರಿ ಮೊಮ್ಮಗಳ ಕುಬಸಕ್ಕೆಂದು ನಾಗನೂರಿಗೆ ಹೋಗಿದ್ದೆವು. ಭೀಮಪ್ಪ ನಾನು ವಿದ್ಯುತ್ ಇಲಾಖೆಯಲ್ಲಿದ್ದಾಗ ನನ್ನ ಶಾಖೆಯ ಹಿರಿಯ ಲೈನ್‌ಮನ್. ಈಗ ಇಬ್ಬರೂ ನಿವೃತ್ತರು. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಇಳಿದೆವು. ಮನೆಯಲ್ಲಿ ಇನ್ನೂ ಹೋಳಿಗೆಯ ಹೂರಣ ರುಬ್ಬುತ್ತಿದ್ದರು.

"ಕರದ ಟೈಮಿಗೆ ಬರೂ ಮನಷ್ಯಾ ಜಿಲ್ಲೇದಾಗ ನೀವೊಬ್ರ ನೋಡ್ರಿ" ಎಂದು ನನ್ನ ಹೆಂಡತಿ ಗೊಣಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆ ಮನೆಗೆ ನಡೆದಳು.

ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಜಿಟಿಜಿಟಿ ಮಳೆ. ಒಬ್ಬೊಬ್ಬರಾಗಿ ನೆಂಟರು ಬಂದರು, ತಗಡಿನ ಚಪ್ಪರದ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಊಟದ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ರಬ್ಬರಿನವು, ಪ್ಲಾಸ್ಟಿಕ್ಕಿನವು, ನಡುವೆ ಕುರಿ ಕಾಯುವವರ ದಪ್ಪ ತೊಗಲಿನ ಕೆಲವು ಜೋಡಿ. ತೊಗಲು ನೆನೆದಾಗ ಒಂದು ವಾಸನೆ ಬರುತ್ತದೆ: ಔಡಲ ಎಣ್ಣೆ, ಕೆಸರು, ಕುರಿಯ ಉಣ್ಣೆ ಮೂರೂ ಸೇರಿದ್ದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಆ ಮಳೆಗಾಲ ಎದುರಿಗೇ ಬಂದು ನಿಂತಂತಾಯಿತು.

ಆಗ ಹುಕ್ಕೇರಿಯಿಂದ ವರ್ಗವಾಗಿ ಘಟಪ್ರಭೆಯ ದಂಡೆಯ ಶಾಖೆಗೆ ಬಂದಿದ್ದೆ. ಮನೆ ಗೋಕಾಕದಲ್ಲಿ, ಕೆಲಸ ಮೇಲವಂಕಿಯ ಸುತ್ತಮುತ್ತ. ನಾನು ಬೆಳೆದದ್ದು ಬೋರ್ಡಿಂಗಿನಲ್ಲಿ. ಏಳಲು ಗಂಟೆ, ಸ್ನಾನಕ್ಕೆ ಗಂಟೆ, ಊಟಕ್ಕೆ ಗಂಟೆ, ಮಲಗಲು ಗಂಟೆ. ಅದು ಮೈಗೆ ಹತ್ತಿದ್ದು ಕೊನೆಯವರೆಗೂ ಬಿಡಲಿಲ್ಲ. ಹೊಸ ಶಾಖೆಯಲ್ಲೂ ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದೆ: ಬೆಳಿಗ್ಗೆ ಹೇಳಿದ ಹೊತ್ತಿಗೆ ಹಾಜರಿ, ಕೈಗೆ ಗವಸು, ಕಾಲಿಗೆ ಬೂಟು, ಹಗ್ಗ ಸುತ್ತಿಟ್ಟ ಮೇಲೆಯೇ ಮನೆ. ವಾರ ಕಳೆಯುವುದರೊಳಗೆ ನನಗೆ ‘ಗಂಟಿ ಸಾಹೇಬ್ರು’ ಎಂಬ ಹೆಸರು ಬಿದ್ದಿತ್ತು. ನನ್ನ ಬೆನ್ನ ಹಿಂದೆ ಅಂದದ್ದು. ಆದರೆ ಲೈನ್‌ಮನ್‌ಗಳು ಕಂಬದ ಮೇಲೆ ನಿಂತು ಆಡಿದ ಮಾತು ಅರ್ಧ ಊರಿಗೆ ಕೇಳಿಸುತ್ತದೆ.

ಒಂದು ದಿನ ತೋಟದ ಲೈನಿನ ಕೆಲಸ ನೋಡಲು ಹೋದೆ. ಕಂಬದ ಬುಡದಲ್ಲಿ ಇಲಾಖೆಯ ಹೊಸ ಬೂಟುಗಳು ಸಾಲಾಗಿ ನಿಂತಿದ್ದವು, ಹರಳಯ್ಯನ ಗುಡಿಯ ಮುಂದೆ ಬಿಟ್ಟಂತೆ. ಮೇಲೆ ನೋಡಿದರೆ ನಮ್ಮವರೆಲ್ಲ ಬರಿಗಾಲಲ್ಲಿ.

"ಭೀಮಪ್ಪಾ, ಬೂಟ್ ಕೊಟ್ಟಿದ್ದು ನಿಮ್ಮ ಕಾಲಿಗೋ, ಕಂಬದ ಕಾಲಿಗೋ?"

ಭೀಮಪ್ಪ ಉತ್ತರ ಕೊಡುವ ಮೊದಲೇ ಮೇಲಿನಿಂದ ಮಹಾಂತೇಶನ ಧ್ವನಿ ಬಂತು: "ಕಂಬಕ್ಕ ಥಂಡಿ ಹತ್ತೈತ್ರಿ ಸಾಹೇಬ್ರ!"

ಮಹಾಂತೇಶ ಆ ತಂಡದ ನಗೆಗಾರ. ಮೇಲವಂಕಿಯವನೇ, ಮದುವೆಯಾಗಿ ವರ್ಷವಾಗಿತ್ತಷ್ಟೇ. ಎಲ್ಲರೂ ನಕ್ಕರು. ಭೀಮಪ್ಪ ಮಾತ್ರ ನಗಲಿಲ್ಲ. ಅವನದು ಕುರಿಗಾರರ ಮನೆತನ, ಅಣ್ಣತಮ್ಮಂದಿರು ಇಂದಿಗೂ ಹಿಂಡಿನ ಹಿಂದೆ ತಿರುಗುವವರು. ಅವನು ನನ್ನನ್ನು ಬದಿಗೆ ಕರೆದು ಹೇಳಿದ:

"ಸಾಹೇಬ್ರ, ಬೂಟ ಹಾಕ್ಕೋ ಅಂದ್ರ ಹಾಕ್ಕೊಂಡ ಏರತೇವ್ರಿ, ಏನಡ್ಡಿಲ್ಲ. ಆದ್ರ ಕಂಬದ ಬುಡಕ ಒಂದ್ ಸಾಲು ಬೇಕ್ರಿ. ಇಳದಾಂವ ತನ್ನ ಜೋಡ ಮೆಟ್ಟಬೇಕು. ಸಾಲು ಖಾಲಿ ಆಗೂತನಕ ಲೈನಿಗೆ ಕರೆಂಟ್ ಬಿಡಬಾರ್ದು."

"ಹೆಸರು ಕೂಗಿ ಎಣಸ್ತೀನಲ್ಲಪ್ಪ ನಾನು."

"ಎಣಿಸ್ರಿ. ಎಣಸೂದಕ್ಕ ಬ್ಯಾಡ ಅನ್ನಂಗಿಲ್ಲ. ನಮ್ಮ ಮನ್ಯಾಗ ಕುರಿ ಎಣಸಂಗಿಲ್ರಿ. ಸಂಜೀಕ ಹಟ್ಟಿಗೆ ಬಂದ್ ಮ್ಯಾಲ ಯಾವ ತಾಯಿ ಒದರತೈತಿ ಅನ್ನೂದು ಕೇಳತೇವಿ. ಮರಿ ಬಂದಿಲ್ಲ ಅಂದ್ರ ತಾಯಿ ಸುಮ್ನಿರಂಗಿಲ್ಲ. ಇವೂ ಹಂಗ ಒದರತಾವ್ರಿ" ಎಂದು ಆ ಸಾಲನ್ನು ತೋರಿಸಿದ.

ನಾನು ಯೋಚಿಸಿದೆ. ನನ್ನ ನಿಯಮಕ್ಕೆ ಇದರಿಂದ ಅಡ್ಡಿಯೇನೂ ಇರಲಿಲ್ಲ. ಕೊನೆಗೆ ಒಪ್ಪಂದವಾಯಿತು: ಮನೆಯಿಂದ ಹಾಕಿಕೊಂಡು ಬಂದ ಚಪ್ಪಲಿ ಕಂಬದ ಬುಡದಲ್ಲಿ, ಇಲಾಖೆಯ ಬೂಟು ಕಾಲಲ್ಲಿ. ಭೀಮಪ್ಪ ಇನ್ನೊಂದು ಕರಾರು ಸೇರಿಸಿದ.

"ನಿಮ್ಮವೂ ಬಿಡ್ರಿ."

"ನಾನೇನು ಕಂಬ ಏರ್ತೀನೇನಪ್ಪ?"

"ಏರದಿದ್ರೂ ನಮ್ಮ ಸಂಗಾಟ ಅದೀರಲ್ರಿ."

ಅಂದಿನಿಂದ ಪಾಲಿಶ್ ಮಾಡಿದ ನನ್ನ ಕರಿ ಷೂಗಳೂ ಆ ಸಾಲಿನ ತುದಿಯಲ್ಲಿ ಮಳೆಗೆ ನೆನೆಯತೊಡಗಿದವು. ನಾನೂ ಬೂಟು ಹಾಕಿಕೊಂಡು ಕೆಸರಿಗಿಳಿಯುತ್ತಿದ್ದೆ.

ಮಳೆ ಹಿಡಿಯಿತು. ಬಿತ್ತಿದ ಗೋವಿನಜೋಳ ಮೊಳಕಾಲೆತ್ತರ ಬಂದಿತ್ತು, ಕಬ್ಬು ಕಪ್ಪು ಹಸಿರಿಗೆ ತಿರುಗಿತ್ತು. ಕಪ್ಪು ಮಣ್ಣಿನ ಆ ಸೀಮೆಯಲ್ಲಿ ಮಳೆ ಬಿದ್ದರೆ ದಾರಿ ಅಂಟಾಗುತ್ತದೆ; ಹೆಜ್ಜೆಗೊಂದು ಹೆಂಟೆ ಕಾಲಿಗೆ ಹತ್ತಿ, ಸ್ವಲ್ಪ ದೂರ ಹೋಗುವುದರೊಳಗೆ ಮನುಷ್ಯ ಗೇಣು ಎತ್ತರ ಬೆಳೆದಿರುತ್ತಾನೆ. ಗಾಳಿಗೆ ತಂತಿ ಹರಿಯುವುದು, ಟಿಸಿ ಎಂಬ ಟ್ರಾನ್ಸ್‌ಫಾರ್ಮರ್ ಸುಡುವುದು, ಬೇವಿನ ಟೊಂಗೆ ಲೈನಿನ ಮೇಲೆ ಬೀಳುವುದು ದಿನದ ಮಾತಾಯಿತು. ಒಬ್ಬ ಏಣಿ ಹಿಡಿದರೆ ಇನ್ನೊಬ್ಬ ಹಗ್ಗ, ಮತ್ತೊಬ್ಬ ತಂತಿ. ಹೇಳುವ ಮೊದಲೇ ಕೈ ಚಾಚಿದಲ್ಲಿ ನಟ್ಟು ಬಿಗಿಯುವ ಪಾನಾ ಬಂದು ಕೂರುತ್ತಿತ್ತು. ಮಧ್ಯಾಹ್ನ ಯಾವುದಾದರೂ ಟಿಸಿ ಕಟ್ಟೆಯ ಹತ್ತಿರ ಬುತ್ತಿ ಬಿಚ್ಚಿದರೆ ರೊಟ್ಟಿ ಯಾರದು, ಪಲ್ಲೆ ಯಾರದು ಎಂದು ತಿಳಿಯುತ್ತಿರಲಿಲ್ಲ. ನನ್ನ ಚಪಾತಿಯ ಡಬ್ಬಿಗೆ ಮಾತ್ರ ಮಹಾಂತೇಶ ದಿನಾ ಹೆಸರಿಡುತ್ತಿದ್ದ: "ಸಾಹೇಬ್ರ ಚಪಾತಿ ನೋಡ್ರೋ, ಒಂದರ ಮ್ಯಾಲ ಒಂದ ಇಟ್ರ ಅಂಚು ಸುದ್ದಾ ಹೊರಗ ಬರಂಗಿಲ್ಲ. ಇವಕ್ಕೂ ಹಾಜರಿ ಹಾಕಿರಬೇಕು!"

ಅದೇ ಮಹಾಂತೇಶ ದಿನವೂ ತಡವಾಗಿ ಬರುತ್ತಿದ್ದ. ಕೇಳಿದರೆ ಗಾಡಿ ಕೆಟ್ಟಿತು, ಟಯರ್ ಪಂಕ್ಚರ್ ಆಯಿತು. ಆ ಗಾಡಿಯ ಟಯರಿನಷ್ಟು ಪಂಕ್ಚರ್ ಕಂಡ ಟಯರು ಗೋಕಾಕ ತಾಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ವಿಚಿತ್ರವೆಂದರೆ ಅವನ ಪಾಲಿನ ಕೆಲಸ ಒಂದು ದಿನವೂ ಉಳಿದಿರಲಿಲ್ಲ. ಉಳಿದವರು ಮಾತಿಲ್ಲದೆ ಹಂಚಿಕೊಂಡು ಮುಗಿಸಿರುತ್ತಿದ್ದರು. ಭೀಮಪ್ಪನನ್ನು ಕೇಳಿದರೆ, "ನೀವ ಒಮ್ಮಿ ಅವನ ಮನಿಗೆ ಹೋಗಿ ಬರ್ರಿ ಸಾಹೇಬ್ರ" ಎಂದ.

ಮರುದಿನ ಬೆಳಿಗ್ಗೆ ಹೋದೆ. ಮಹಾಂತೇಶ ಪಡಸಾಲೆಯಲ್ಲಿ ತಾಯಿಯ ತಲೆ ಬಾಚುತ್ತಿದ್ದ. ಆಕೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ಮೈ ತೊಳೆಸುವುದು, ಗಂಜಿ ಕುಡಿಸುವುದು, ಬಟ್ಟೆ ಒಗೆಯುವುದು ಎಲ್ಲ ಅವನೇ. ನನ್ನನ್ನು ಕಂಡು ಬಾಚಣಿಗೆ ಬೆನ್ನ ಹಿಂದೆ ಅಡಗಿಸಿದ.

ತಾಯಿ ಕೇಳಿದಳು: "ಸಾಹೇಬ್ರ, ನನ್ನ ಮಗಾ ಕೆಲಸಾ ಚೊಲೋ ಮಾಡ್ತಾನೇನ್ರಿ?"

"ಮಾಡ್ತಾನವ್ವಾ, ಚೊಲೋ ಮಾಡ್ತಾನ."

ದಾರಿಯಲ್ಲಿ ಅವನು ತಲೆ ಕೆಳಗೆ ಹಾಕಿಕೊಂಡೇ ಬಂದ. "ಬೈತೀರೇನ್ರಿ?"

"ಯಾಕ ಹೇಳ್ಲಿಲ್ಲೋ ನನಗ?"

"ಗಂಟಿ ಸಾಹೇಬ್ರಿಗೆ ಏನಂತ ಹೇಳೂದ್ರಿ?" ಎಂದವನು ನಾಲಿಗೆ ಕಚ್ಚಿಕೊಂಡ.

ಅಂದೇ ಅವನ ಪಾಳಿ ಬದಲಿಸಿದೆ. ಬೆಳಗಿನ ಹಾಜರಿ ಇಲ್ಲ. ಮಧ್ಯಾಹ್ನದಿಂದ ಸಂಜೆ ಕಳೆಯುವವರೆಗೆ ಮೇಲವಂಕಿಯ ಮನೆಮನೆಯ ದೂರು ನೋಡುವುದು. "ಹೊತ್ತು ಬದಲಾಗೈತಿ, ಶಿಸ್ತು ಬದಲಾಗಿಲ್ಲ. ಇದಕ್ಕೂ ತಡಾ ಮಾಡಿದ್ಯೋ, ಗೈರುಹಾಜರಿ" ಎಂದೆ. ಅವನು ತಡ ಮಾಡಲಿಲ್ಲ. ಅವನ ಗಾಡಿಯ ಟಯರೂ ಅಂದಿನಿಂದ ಸರಿಯಾಯಿತು. ಊರಿನ ಒಂದು ಮನೆಯ ಕಟ್ಟೆಯನ್ನೂ ಬಿಡದೆ ಚಹಾ ಕುಡಿದು ತಿರುಗಿದ. ಯಾರ ಮನೆಯ ಫ್ಯೂಜು ಹೋಗಿದೆ, ಯಾರ ಮನೆಯ ಎಮ್ಮೆ ಈದಿದೆ, ಎಲ್ಲ ಅವನಿಗೆ ಗೊತ್ತು.

ಶ್ರಾವಣದ ನಡುವೆ ಆ ದಿನ ಬಂತು. ಮೇಲ್ಗಡೆ ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಘಟಪ್ರಭೆ ಚಹಾದ ಬಣ್ಣಕ್ಕೆ ತಿರುಗಿ, ಮುಳ್ಳುಕಂಟಿ, ಹುಲ್ಲಿನ ಸಿವುಡು ಹೊತ್ತುಕೊಂಡು ಅಗಲವಾಗುತ್ತಿತ್ತು. ‘ಹೊಳಿ ಬಂತು’ ಎಂದು ಊರಿನವರು ತಗ್ಗಿನ ಓಣಿ ಬಿಟ್ಟು ದಿನ್ನೆಯ ಮೇಲಿನ ಶಾಲೆಗೆ ಹೋಗಿದ್ದರು. ಅದೇ ಹೊತ್ತಿಗೆ ಒಂದು ದೊಡ್ಡ ಬೇವಿನ ಮರ ಲೈನಿನ ಮೇಲೆ ಉರುಳಿ, ಊರಿಗೂ ಹೊಳೆದಂಡೆಯ ಮೋಟಾರುಗಳಿಗೂ ಕರೆಂಟು ಹೋಯಿತು.

ಲೈನಿನ ಮೇಲೆ ಕೆಲಸ ಮಾಡುವ ಮೊದಲು ಕರೆಂಟು ಬಿಡುವ ಸ್ಟೇಷನ್ನಿನಿಂದ ಅದನ್ನು ಬಂದ್ ಮಾಡಿಸಿಕೊಳ್ಳಬೇಕು. ಲೈನ್ ಕ್ಲಿಯರ್ ತೆಗೆದುಕೊಳ್ಳುವುದು ಎನ್ನುತ್ತೇವೆ. ಯಾರು ತೆಗೆದುಕೊಂಡಿರುತ್ತಾರೋ ಅವರೇ ‘ಕೆಲಸ ಮುಗಿಯಿತು, ಎಲ್ಲರೂ ಇಳಿದಿದ್ದಾರೆ’ ಎಂದು ಹೇಳಿ ಮರಳಿಸಬೇಕು. ಬೇರೆ ಯಾರ ಮಾತಿಗೂ ಸ್ಟೇಷನ್ನಿನವರು ಲೈನ್ ಬಿಡುವಂತಿಲ್ಲ. ಅಂದು ನಾನು ನನ್ನ ಹೆಸರಿನಲ್ಲೇ ತೆಗೆದುಕೊಂಡೆ. ಜೊತೆಗೆ ಪಂಚಾಯತಿಯ ಆಟೋದ ಮೈಕಿನಲ್ಲಿ ಹೇಳಿಸಿದೆ: ಈಗ ಕರೆಂಟಿಲ್ಲ, ನಮ್ಮ ಕೆಲಸ ಮುಗಿಯುವುದರೊಳಗೆ ಎಲ್ಲರೂ ವೈರು ಬಿಚ್ಚಿ ಮೋಟಾರು ಮೇಲಕ್ಕೆ ತೆಗೆದುಕೊಳ್ಳಿ.

ರೈತರು ಹಗ್ಗ, ಹಾರೆ, ಟ್ರ್ಯಾಕ್ಟರು ತಗೊಂಡು ಓಡಿ ಬಂದರು. ಹೊಳೆಗೆ ಇಳಿಯುವ ಕಾಲುದಾರಿ ನಮ್ಮ ಕಂಬದ ಪಕ್ಕದಲ್ಲೇ ಇತ್ತು. ಮುಂದೆ ಮೊಳಕಾಲುದ್ದ ಕೆಸರು. ನಮ್ಮ ಸಾಲು ನೋಡಿ ಅವರೂ ಚಪ್ಪಲಿ ಅಲ್ಲೇ ಬಿಟ್ಟು ಇಳಿದರು.

"ಇವತ್ತ ಕಂಬಕ್ಕ ಭಕ್ತರ ಭಾಳ ಆಗ್ಯಾರಲ್ರಿ" ಎಂದ ಮಹಾಂತೇಶ. ಅಂದು ತಾಯಿಯನ್ನು ಪಕ್ಕದ ಮನೆಯವರ ಜೊತೆ ಶಾಲೆಗೆ ಸಾಗಿಸಿ, ಪಾಳಿಯ ಹೊತ್ತಿಗಿಂತ ಮೊದಲೇ ಬಂದು ಏಣಿ ಹಿಡಿದಿದ್ದ.

ಮರ ಕಡಿದು, ಕಂಬ ನೆಟ್ಟಗೆ ಮಾಡಿ, ತಂತಿ ಎಳೆದು ಬಿಗಿಯುವ ಹೊತ್ತಿಗೆ ಸಂಜೆಯಾಯಿತು. ಒಂದೊಂದೇ ಮೋಟಾರು ಕೆಸರಿನಲ್ಲಿ ಎಮ್ಮೆಯಂತೆ ಮೈ ಎಳೆದುಕೊಂಡು ಮೇಲೆ ಬಂತು. ರೈತರು ಟ್ರ್ಯಾಕ್ಟರಿಗೆ ಹೇರಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದರು. ನಮ್ಮವರೂ ಇಳಿದು ತಮ್ಮ ತಮ್ಮ ಜೋಡು ಮೆಟ್ಟಿಕೊಂಡರು. ನಾನು ಹೆಸರು ಕೂಗಿದೆ; ಎಲ್ಲರೂ ಓ ಅಂದರು. ಅಷ್ಟರಲ್ಲಿ ಫೋನು ಬಂತು. ನಮ್ಮ ಮೇಲಿನ ಅಧಿಕಾರಿ. ಅವರು ಶಾಲೆಯಲ್ಲೇ ನಿಂತಿದ್ದರು.

"ಇಲ್ಲಿ ಮಂದಿ ಕತ್ತಲ್ಯಾಗ ಕುಂತಾರ್ರಿ. ಸಣ್ಣ ಕೂಸು ಅದಾವ, ಟಾಕ್ಯಾಗ ಕುಡ್ಯಾಕ ನೀರಿಲ್ಲ. ನಿಮ್ಮವರು ಇಳದ್ರಿಲ್ಲೋ?"

"ಇಳದಾರ್ರಿ ಸರ್."

"ಮತ್ಯಾಕ ತಡಾ? ಲೈನ್ ಕೊಡ್ರಿ."

ಸ್ಟೇಷನ್ನಿಗೆ ಫೋನು ಹಚ್ಚಬೇಕು, ಅಷ್ಟೇ. ಭೀಮಪ್ಪ ಕಂಬದ ಬುಡದಿಂದ ಅಲುಗಾಡಲಿಲ್ಲ. ಸಾಲಿನಲ್ಲಿ ಒಂದು ಜೋಡಿ ಉಳಿದಿತ್ತು. ಗಂಡಸರ ದೊಡ್ಡ ತೊಗಲಿನ ಚಪ್ಪಲಿ, ಮಳೆಗೆ ನೆನೆದು ಉಬ್ಬಿದ್ದವು.

"ಯಾರೋ ಅವಸರದಾಗ ಬರಿಗಾಲಿಲೆ ಟ್ರ್ಯಾಕ್ಟರ್ ಹತ್ಯಾರ ಬಿಡ್ರಿ" ಎಂದ ನಮ್ಮವನೊಬ್ಬ. ಅದು ನಡೆಯುವಂಥದ್ದೇ. ಆ ಮಳೆ, ಆ ಗಡಿಬಿಡಿ. ಭೀಮಪ್ಪ ಹೊಳೆಯ ಕಡೆ ಕೈ ಬಾಯಿಗೆ ಹಿಡಿದು ಕೂಗಿದ: "ಯಾರದೀರೋ ಅಣ್ಣಾ!" ನೀರಿನ ಸದ್ದು ಬಿಟ್ಟರೆ ಉತ್ತರವಿಲ್ಲ. ಮತ್ತೆ ಫೋನು.

"ಏನ್ರಿ, ಒಂದ್ ಜೋಡ ಕೆರಾ ಸಲುವಾಗಿ ಇಡೀ ಊರ ಕತ್ತಲ್ಯಾಗ ಇಡ್ತೀರೇನು?"

ಅವರು ಕೆಟ್ಟವರಲ್ಲ. ಅವರ ಎದುರಿಗೆ ಅಳುವ ಕೂಸುಗಳಿದ್ದವು, ನನ್ನ ಎದುರಿಗೆ ಆ ಚಪ್ಪಲಿಗಳಿದ್ದವು.

"ಹೌದ್ರಿ ಸರ್. ಲೈನ್ ನನ್ನ ಹೆಸರಿನ್ಯಾಗ ಐತಿ. ಇವು ಯಾರವು ಅನ್ನೂದ ಗೊತ್ತಾಗೂತನಕ ಕೊಡಂಗಿಲ್ರಿ."

ಫೋನು ಇಟ್ಟೆ. ಮಹಾಂತೇಶ ಬ್ಯಾಟರಿ ಹಚ್ಚಿ ಚಪ್ಪಲಿ ತಿರುವಿ ನೋಡಿದ. ಹಿಮ್ಮಡಿಗೆ ಟಯರಿನ ತುಂಡು ಹೊಡೆದಿತ್ತು.

"ಇವು ಕುರಿಗಾರ ಮಾಳಪ್ಪನ್ವು! ದಿನಾ ಅವರ ಕಟ್ಟಿ ಮ್ಯಾಲ ನೋಡ್ತೇನಿ."

"ಮಾಳಪ್ಪ ಕುರಿ ಹೊಡಕೊಂಡ ಮೂಡಣ ಸೀಮಿಗೆ ಹೋಗ್ಯಾನಲ್ಲೋ" ಎಂದ ಭೀಮಪ್ಪ.

"ಹೌದ. ಹೊಸಾವ ಮೆಟಗೊಂಡ ಹೋಗ್ಯಾನ. ಹಳೇವು ಮನ್ಯಾಗ ಅದಾವ."

"ಮನ್ಯಾಗ ಯಾರದಾರ?"

ಮಹಾಂತೇಶ ಬ್ಯಾಟರಿಯನ್ನು ಹೊಳೆಯ ಕಡೆ ತಿರುಗಿಸಿದ. "ಲಕ್ಕವ್ವ. ಒಬ್ಬಾಕಿನ."

ಗಂಡಸರ ಚಪ್ಪಲಿ ನೋಡಿ ನಾವು ಗಂಡಸರನ್ನಷ್ಟೇ ಕೂಗಿದ್ದೆವು. ಎಲ್ಲರೂ ಒಮ್ಮೆಗೇ ಕೆಸರಿಗಿಳಿದು ಓಡಿದೆವು.

ಹೊಳೆಯ ತಿರುವಿನಲ್ಲಿ, ಕಬ್ಬಿನ ಮರೆಗೆ ಅವಳ ಮೋಟಾರು. ಲಕ್ಕವ್ವ ಸೀರೆ ಕಚ್ಚೆ ಹಾಕಿಕೊಂಡು ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದಳು. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಒಂದು ಕೈಯಲ್ಲಿ ಪಾನಾ, ಇನ್ನೊಂದು ಕೈ ಬರಿದಾಗಿ ವೈರಿನ ಮೇಲೆ.

"ಲಕ್ಕವ್ವಾ, ಕೈ ಬಿಡವಾ! ಕೈ ಬಿಡು!"

ಅವಳು ಬೆಚ್ಚಿ ತಿರುಗಿದಳು. "ಯಾಕ್ರೀ ಹಂಗ ಒದರತೀರಿ? ಕರೆಂಟಿಲ್ಲ ಅಂತ ಮೈಕಿನ್ಯಾಗ ನೀವ ಹೇಳೀರಲ್ಲ!"

"ಈಗ ಬರತಿತ್ತವಾ ತಂಗೀ" ಎಂದ ಭೀಮಪ್ಪ.

ಅವಳು ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಎಲ್ಲಾರೂ ತಮ್ಮ ತಮ್ಮ ಮೋಟಾರ್ ತಗಿಯಾಕತ್ತಿದ್ರು. ಅವರದ ಮುಗದ ಮ್ಯಾಲ ಕರ್ಯೂಣಂತ ತಡದೆ. ವೈರ ಬಿಚ್ಚಿ ಇಟ್ಟಿರೂಣಂತ ಕುಂತೆ. ನೋಡೂದ್ರಾಗ ಯಾರೂ ಇಲ್ಲ. ಇದನ್ನ ಬಿಟ್ಟ ಬರಬೇಕೇನ್ರಿ ಈಗ?"

ಎಲ್ಲರೂ ನನ್ನ ಮುಖ ನೋಡಿದರು. ದಿನ್ನೆಯ ಮೇಲೆ ಶಾಲೆ ಕಪ್ಪಗೆ ಕಾಣುತ್ತಿತ್ತು. ನೀರು ಕಣ್ಣೆದುರಿಗೇ ಏರುತ್ತಿತ್ತು. ಬೆಳಕು ತಡವಾದರೆ ತಡವಾಗುತ್ತದೆ, ಅಷ್ಟೇ. ಮೋಟಾರು ಹೋದರೆ ಹೋಯಿತು. ಅದರ ಜೊತೆಗೆ ಅವಳ ಒಂದು ವರ್ಷ.

"ಹಗ್ಗಾ ತರ್ರಿ" ಎಂದೆ. ಶಾಲೆಗೆ ಫೋನು ಮಾಡಿ, "ಸರ್, ಒಬ್ಬಾಕಿ ಹೆಣ್ಮಗಳು ನೀರಾಗ ಸಿಕ್ಕಾಳ್ರಿ. ಸ್ವಲ್ಪ ಹೊತ್ತು ಕೊಡ್ರಿ" ಎಂದೆ. ಆ ಕಡೆಯಿಂದ "ತಗೋರಿ" ಎಂಬ ಒಂದೇ ಶಬ್ದ ಬಂತು.

ನಾನೂ ಹಗ್ಗಕ್ಕೆ ಕೈ ಹಚ್ಚಿದೆ. ಬೋರ್ಡಿಂಗಿನಲ್ಲಿ ಹಗ್ಗ ಜಗ್ಗುವಾಟದಲ್ಲಿ ‘ಒಂದು, ಎರಡು’ ಎಂದು ಎಳೆಯುವುದು ನನಗೆ ರೂಢಿ. ಹಾಗೇ ಕೂಗಲು ಹೋದೆ. ಮಹಾಂತೇಶ ತಡೆದ: "ಸಾಹೇಬ್ರ, ಹಾಜರಿ ಆಮ್ಯಾಲ ತಗೋರಿ, ಈಗ ಜಗ್ಗರಿ!" ಅಂಥ ಹೊತ್ತಿನಲ್ಲೂ ಲಕ್ಕವ್ವ ಕಿಸಕ್ಕನೆ ನಕ್ಕಳು. ಅವಳೂ ಹಿಂದಿನಿಂದ ಹೆಗಲು ಕೊಟ್ಟು ನೂಕುತ್ತಿದ್ದಳು. ಮೋಟಾರು ಒಮ್ಮೆ ಜಾರಿತು, ಮತ್ತೆ ಕಚ್ಚಿತು, ಕೊನೆಗೆ ದಂಡೆಯ ಮೇಲೆ ಬಂದು ಹೊರಳಿತು.

ಕಂಬದ ಹತ್ತಿರ ಮರಳಿದೆವು. ಲಕ್ಕವ್ವ ಗಂಡನ ಚಪ್ಪಲಿಯೊಳಗೆ ಒಂದೊಂದೇ ಕಾಲು ತೂರಿಸಿದಳು. ಭೀಮಪ್ಪ ಸುತ್ತ ಬ್ಯಾಟರಿ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದ.

"ಈಗ ಕೊಡ್ರಿ ಸಾಹೇಬ್ರ."

ಫೋನು ಮಾಡಿದೆ. ದಿನ್ನೆಯ ಮೇಲಿನ ಶಾಲೆಯ ಕಿಟಕಿಗಳು ಒಮ್ಮೆಗೇ ಹೊಳೆದವು. ಅಲ್ಲಿಂದ ಕೂಸುಗಳ ಕೇಕೆ ಹೊಳೆಯ ಸದ್ದನ್ನೂ ಮೀರಿ ಕೇಳಿಸಿತು. ಭೀಮಪ್ಪ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ಮರುದಿನ ಮೇಲಿನ ಅಧಿಕಾರಿ ಸ್ಥಳಕ್ಕೆ ಬಂದರು. ತಡವಾದದ್ದಕ್ಕೆ ಬೈಯುತ್ತಾರೆಂದುಕೊಂಡಿದ್ದೆ. ಅವರು ದಂಡೆಯ ಮೇಲೆ ನಿಂತು, ನೀರಿನಲ್ಲಿ ಮುಳುಗಿ ತಲೆಯಷ್ಟೇ ಕಾಣುತ್ತಿದ್ದ ಆ ಸ್ಟಾರ್ಟರ್ ಪೆಟ್ಟಿಗೆಯನ್ನು ಸುಮ್ಮನೆ ನೋಡಿದರು. ಲಕ್ಕವ್ವ ಕೊಟ್ಟ ಚಹಾ ಕುಡಿದು ಹೋದರು.

ಮುಂದಿನ ವರ್ಷ ನನಗೆ ಮೂಡಲಗಿಗೆ ವರ್ಗವಾಯಿತು. ಅಲ್ಲಿಯೂ ಮೊದಲ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಜರಿ, ಗವಸು, ಬೂಟಿನ ಮಾತು ಹೇಳಿದೆ. ಆಮೇಲೆ ಕಂಬದ ಬುಡದಲ್ಲಿ ನನ್ನ ಷೂ ಬಿಚ್ಚಿಟ್ಟೆ. ಅಲ್ಲಿಯವರೂ ನಕ್ಕರು. ನಾನು ಏನೂ ವಿವರಿಸಲಿಲ್ಲ. ಒಂದು ಮಳೆಗಾಲ ಕಳೆದರೆ ತಾನಾಗಿ ತಿಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಮುಂದಾಳು ಆದವನು ಮುಂದೆಯೇ ನಡೆಯಬೇಕು ಎಂದು ಬೋರ್ಡಿಂಗಿನಲ್ಲಿ ಕಲಿಸಿದ್ದರು. ಘಟಪ್ರಭೆಯ ದಂಡೆಯಲ್ಲಿ ನಾನು ಕೊನೆಗೆ ಹೊರಡುವುದನ್ನು ಕಲಿತೆ. ಹಾಜರಿಯಲ್ಲಿ ಹೆಸರಿಲ್ಲದವರಿಗೂ ಕಾಯುವುದನ್ನು ಕಲಿತೆ.

ಕುಬಸದ ಊಟ ಮುಗಿಯಿತು. ಮೇಲವಂಕಿಯಿಂದ ಲಕ್ಕವ್ವನೂ ಬಂದಿದ್ದಳು, ತಲೆ ಅರ್ಧ ನೆರೆದಿದೆ. ಹೊರಗೆ ಬಂದವಳೇ ಒಂದು ಜೋಡಿ ಕೆಂಪು ಚಪ್ಪಲಿ ತೋರಿಸಿದಳು: "ಸಾಹೇಬ್ರ, ಈಗ ನನ್ನವ ಹಾಕ್ಕೊಂಡ ಬಂದೇನ್ ನೋಡ್ರಿ. ನಿಮ್ಮ ಮಂದೀನ ಗೋಳಾಡಿಸಂಗಿಲ್ಲ." ಮಹಾಂತೇಶ ಮಗಳನ್ನು ಗಾಡಿಯ ಮೇಲೆ ಕೂರಿಸಿಕೊಂಡು, "ಬರತೇನ್ರಿ ಗಂಟಿ ಸಾಹೇಬ್ರ" ಎಂದು ಮುಖಕ್ಕೇ ಕರೆದು ಹೋದ. ಒಬ್ಬೊಬ್ಬರಾಗಿ ನೆಂಟರು ಚದುರಿದರು. ಚಪ್ಪರದ ಕೆಳಗಿನ ರಾಶಿ ಕರಗುತ್ತ ಬಂತು. ನಾನು ಷೂ ಹಾಕಿಕೊಂಡು ಕಟ್ಟೆ ಇಳಿದೆ.

ಭೀಮಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣೀಗ ಸ್ವಲ್ಪ ಮಂದ. ಮೀಸೆಯಡಿ ನಗುತ್ತ ಕೇಳಿದ:

"ಸಾಹೇಬ್ರ, ಲೈನ್ ಕೊಡೂಣೇನ್ರಿ?"

ನಾನು ಕೆಳಗೆ ನೋಡಿದೆ. ಗೋಡೆಗೆ ಹೊಂದಿ ಒಂದು ಜೋಡಿ ಉಳಿದಿತ್ತು. ಒಳಗೆ ಅಡುಗೆ ಮನೆಯಲ್ಲಿ ನನ್ನ ಹೆಂಡತಿಯ ನಗು ಕೇಳುತ್ತಿತ್ತು. ಭೀಮಪ್ಪನ ಹೆಂಡತಿಗೆ ಏನೋ ಹೇಳುತ್ತಿದ್ದಳು, ಬಹುಶಃ ನನ್ನ ವಿಷಯವೇ. ಹೊತ್ತಾಗಿತ್ತು, ಗೋಕಾಕದ ಬಸ್ಸು ಬರುವ ವೇಳೆ. ನನಗೆ ತಡ ಆಗಿಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು.

"ತಡಿಯಪ್ಪಾ ಭೀಮಪ್ಪಾ, ಇನ್ನೂ ಒಂದ್ ಜೋಡ ಐತಿ" ಎಂದು ಮತ್ತೆ ಕಟ್ಟೆ ಹತ್ತಿ ಕುಳಿತೆ. ಅವನೂ ಬಂದು ಪಕ್ಕದಲ್ಲಿ ಕುಳಿತ.